ಅಧ್ಯಕ್ಷೆಯ ಸ್ಥಾನಪಾಲ

ವಿನೋದಿನಿ ತಾಂಡೇಲ ತೀರಿಕೊಂಡ ದಿನ ಮಧ್ಯಾಹ್ನವೇ ಅವಳ ದನಿ ಟೀವಿಯಲ್ಲಿ ಕೇಳಿತು.

ಅವಳ ಗಂಡ ವಾಮನ ಆಗ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು, ದೇಹವನ್ನು ಯಾವಾಗ ಕೊಡುತ್ತಾರೋ ಎಂದು ಕಾಯುತ್ತಿದ್ದ. ಬೆಳಿಗ್ಗೆ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದವಳು ಹಾಗೇ ಮಂಚದ ಮೇಲೆ ಕುಸಿದಿದ್ದಳು. ಮೆದುಳಿನ ರಕ್ತನಾಳ ಒಡೆದಿತ್ತು. ಗೋಡೆಯ ಟೀವಿಯಲ್ಲಿ ಮೊದಲು ಸಾವಿನ ಸುದ್ದಿ ಬಂತು, ಆಮೇಲೆ ರಾಷ್ಟ್ರಗೀತೆ, ಅದರ ಬೆನ್ನಿಗೇ ಅವಳ ಮಾತು. ಸಂಜೆಯ ಉಬ್ಬರಕ್ಕೆ ಮೂರನೇ ದ್ವೀಪದ ಬಾಗಿಲುಗಳು ಎಂದಿನಂತೆ ಮುಚ್ಚಿರುತ್ತವೆ, ಯಾರೂ ಗಾಬರಿಯಾಗಬೇಕಾಗಿಲ್ಲ ಎಂದಳು. ಅಲ್ಲೇ ಇದ್ದ ನರ್ಸ್ ಓಡಿಬಂದು ಟೀವಿ ಆರಿಸಲು ಹೋದಳು. ವಾಮನ ಬೇಡವೆಂದು ಕೈ ಎತ್ತಿದ.

ಏಳುದ್ವೀಪ ಗಣರಾಜ್ಯದ ಕಾನೂನೇ ಹಾಗಿತ್ತು. ಕಡಲು ಕರಾವಳಿಯನ್ನು ನುಂಗಿದ ಮೇಲೆ ಕಾರವಾರ, ಅಂಕೋಲಾ, ಭಟ್ಕಳದ ಕಡೆಯ ಜನ ಕಲ್ಲು ಮಣ್ಣು ತುಂಬಿ ಕಟ್ಟಿಕೊಂಡ ದೇಶ ಅದು. ಏಳೂ ದ್ವೀಪಗಳ ನೆಲ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿತ್ತು. ಸುತ್ತ ಎತ್ತರದ ಕಟ್ಟೆ, ಕಟ್ಟೆಗೆ ಉಕ್ಕಿನ ಬಾಗಿಲುಗಳು. ಯಾವ ಬಾಗಿಲು ಯಾವಾಗ ತೆರೆಯಬೇಕು, ಕುಡಿಯುವ ನೀರು ಯಾವ ದ್ವೀಪಕ್ಕೆ ಎಷ್ಟು ಹೋಗಬೇಕು ಎಂಬುದರಲ್ಲಿ ಕೊನೆಯ ಮಾತು ರಾಷ್ಟ್ರಾಧ್ಯಕ್ಷರದು. ಹಿಂದೊಮ್ಮೆ ಅಧ್ಯಕ್ಷರೊಬ್ಬರು ಅಧಿಕಾರದಲ್ಲಿದ್ದಾಗಲೇ ಸತ್ತಾಗ, ಉಪಾಧ್ಯಕ್ಷರೂ ಸಭಾಪತಿಯೂ ಒಂದೇ ಬೆಳಿಗ್ಗೆ ಎರಡು ಕಡೆ ಪ್ರಮಾಣವಚನ ತೆಗೆದುಕೊಂಡಿದ್ದರು. ಐದನೇ ದ್ವೀಪದ ಬಾಗಿಲು ತೆರೆಯಿರಿ ಎಂದು ಒಬ್ಬರು, ಮುಚ್ಚಿ ಎಂದು ಇನ್ನೊಬ್ಬರು ಆದೇಶ ಕೊಟ್ಟರು. ಯಾರ ಮಾತು ಕೇಳಬೇಕೆಂದು ಕಾವಲಿನವರು ಯೋಚಿಸುತ್ತಿರುವಾಗಲೇ ಕಡಲು ಒಳಗೆ ಬಂದಿತ್ತು. ಆ ದ್ವೀಪದಲ್ಲಿ ಇವತ್ತಿಗೂ ಆ ದಿನ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ.

ಅದಾದ ಮೇಲೆ ಹೊಸ ಕಾನೂನು ಬಂತು. ಅಧ್ಯಕ್ಷರ ಸ್ಥಾನ ತೆರವಾದರೆ, ಚುನಾವಣೆ ಮುಗಿಯುವ ತನಕ, ಹೆಚ್ಚೆಂದರೆ ಮೂರು ತಿಂಗಳು, ಆ ಕುರ್ಚಿಯಲ್ಲಿ ಯಾವ ಮನುಷ್ಯನೂ ಕೂರುವಂತಿಲ್ಲ. ಕೆಲಸವನ್ನೆಲ್ಲ ಸ್ಥಾನಪಾಲ ಎಂಬ ಯಂತ್ರ ನಡೆಸಬೇಕು. ಆಯ್ಕೆಯಾದ ಅಧ್ಯಕ್ಷರು ದಿನವೂ ಸಂಜೆ ಒಂದು ಗಂಟೆ ತಲೆಗೆ ತಂತಿಯ ಟೊಪ್ಪಿ ಹಾಕಿಕೊಂಡು ಎಂಜಿನಿಯರನ ಮುಂದೆ ಕೂರುತ್ತಿದ್ದರು. ಅವನು ಕೇಳುತ್ತಿದ್ದ, ಅವರು ಉತ್ತರ ಹೇಳುತ್ತಿದ್ದರು. ಉತ್ತರಕ್ಕಿಂತ ಹೆಚ್ಚಾಗಿ ಆ ಉತ್ತರಕ್ಕೆ ಮನಸ್ಸು ಬಂದ ದಾರಿಯನ್ನು ಯಂತ್ರ ಕಲಿಯುತ್ತಿತ್ತು. ಯಾವುದಕ್ಕೆ ಹೆದರಿದರು, ಎಲ್ಲಿ ಕರಗಿದರು, ಯಾವ ಮಾತನ್ನು ನುಂಗಿಕೊಂಡರು, ಎಲ್ಲ. ವರ್ಷಗಳು ಕಳೆದಂತೆ ಅದು ಅವರ ಹಾಗೇ ತೂಗಿ ನೋಡಬಲ್ಲದಾಗುತ್ತಿತ್ತು. ಅದಕ್ಕೆ ಆಸೆಯಿಲ್ಲ, ಮುಂದಿನ ಚುನಾವಣೆಯ ಚಿಂತೆಯೂ ಇಲ್ಲ ಎಂದು ಜನ ಅದನ್ನು ನಂಬುತ್ತಿದ್ದರು.

ಇದೆಲ್ಲ ವಾಮನನಿಗೆ ಮೊದಲೇ ಗೊತ್ತಿತ್ತು. ಆದರೆ ಒಳಕೋಣೆಯಲ್ಲಿ ಹೆಂಡತಿ ತಣ್ಣಗೆ ಮಲಗಿರುವಾಗ ಹೊರಗೆ ಅವಳ ದನಿ ಕೇಳುವುದು ಹೇಗಿರುತ್ತದೆ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

ಹೊಸ ಅಧ್ಯಕ್ಷರು ಬರುವ ತನಕ ಅವನು ಅಧ್ಯಕ್ಷರ ಭವನದಲ್ಲೇ ಇರಬಹುದಿತ್ತು. ಜೊತೆಗಿರಲೆಂದು ಅವನ ಅಕ್ಕ ಸುಗಂಧಿ ಎರಡನೇ ದ್ವೀಪದಿಂದ ಬಂದಳು. ವಾಮನ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಹೆಂಡತಿ ಅಧ್ಯಕ್ಷೆಯಾದ ಮೇಲೆ ಅವನ ಕ್ಲಿನಿಕ್ಕಿನ ಬಾಗಿಲಿಗೆ ಪೊಲೀಸರು ಬಂದು ನಿಂತರು. ಹಲ್ಲುನೋವಿನವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಒಂದು ವರ್ಷ ತಳ್ಳಿ ಅವನು ಕ್ಲಿನಿಕ್ ಮುಚ್ಚಿದ್ದ. ಆ ಬಗ್ಗೆ ಅವಳ ಹತ್ತಿರ ದೂರಿರಲಿಲ್ಲ, ಅವಳೂ ಏನೂ ಕೇಳಿರಲಿಲ್ಲ.

ಸ್ಥಾನಪಾಲದ ಕೋಣೆ ಭವನದ ಕೆಳಮಹಡಿಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಅನಿರುದ್ಧ ನಾಡಕರ್ಣಿ, ನಲವತ್ತು ದಾಟಿದ ಎಂಜಿನಿಯರ್, ಮದುವೆಯಾಗಿರಲಿಲ್ಲ. ಅಧ್ಯಕ್ಷೆಯ ಜೊತೆ ಸಂಜೆಯ ಪಾಠಕ್ಕೆ ಕೂರುತ್ತಿದ್ದವನು ಅವನೇ. ವಾಮನ ಅವನನ್ನು ಮೆಟ್ಟಿಲ ಮೇಲೆ ಕಂಡು ತಲೆ ಆಡಿಸಿದ್ದಿತ್ತು, ಅಷ್ಟೇ. ಈಗ ಆ ಮನುಷ್ಯ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಇರುತ್ತಿದ್ದ. ಮೇಲಿನ ಕೋಣೆಯ ಗಾಳಿಕಿಂಡಿಯಿಂದ ಅವಳ ದನಿ ಮೇಲೆ ಬರುತ್ತಿತ್ತು. ಮಾತು ಸ್ಪಷ್ಟವಾಗುತ್ತಿರಲಿಲ್ಲ, ಏರಿಳಿತ ಮಾತ್ರ ಕೇಳುತ್ತಿತ್ತು. ನಡುನಡುವೆ ನಾಡಕರ್ಣಿಯ ದನಿ. ಒಮ್ಮೆ ಅವನು ನಕ್ಕಿದ್ದೂ ಕೇಳಿತು.

ವಾಮನ ತನ್ನ ಕುರ್ಚಿಯನ್ನು ಆ ಕಿಂಡಿಯ ಹತ್ತಿರ ಎಳೆದುಕೊಂಡ.

ಕರ್ಮಗಳೆಲ್ಲ ಮುಗಿದ ಮೇಲೆ ಅವನು ಕೆಳಗೆ ಇಳಿದು ಹೋಗಿ, ಒಂದೆರಡು ಮಾತು ಆಡಬಹುದೇ ಎಂದು ನಾಡಕರ್ಣಿಯನ್ನು ಕೇಳಿದ. ನಾಡಕರ್ಣಿ ಎದ್ದು ನಿಂತ. ಕಾನೂನಿನಲ್ಲಿ ಅವಕಾಶವಿಲ್ಲ, ಸ್ಥಾನಪಾಲ ರಾಜ್ಯದ ಕೆಲಸಕ್ಕಷ್ಟೇ ಮಾತಾಡಬೇಕು, ಮನೆಯವರ ಜೊತೆ ಮಾತಿಗೆ ಬಿಟ್ಟರೆ ಅದರ ತೂಕ ತಪ್ಪುತ್ತದೆ ಎಂದು ವಿನಯದಿಂದಲೇ ವಿವರಿಸಿದ. ವಾಮನನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಸಮಾಧಾನ ಹೇಳಲು ಹೋದ.

"ಕ್ಲಿನಿಕ್ ಮುಚ್ಚಿದ್ದು ಅವರಿಗೆ ಎಷ್ಟು ಬೇಸರ ಆಗಿತ್ತು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ ಡಾಕ್ಟ್ರೇ. ಆ ಮಾತು ಬಂದಾಗಲೆಲ್ಲ ಅತ್ತುಬಿಡ್ತಿದ್ರು."

ವಾಮನ ಮೇಲೆ ಬಂದ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅತ್ತಿದ್ದನ್ನು ಅವನು ಕಂಡದ್ದು ಒಂದೇ ಸಲ, ಅವಳ ತಾಯಿ ತೀರಿಹೋದಾಗ. ಸಂಜೆ ಪಾಠ ಮುಗಿಸಿ ಮೇಲೆ ಬಂದವಳು ಚಪ್ಪಲಿ ಕಳಚಿ, ಊಟಕ್ಕೇನು ಎಂದು ಕೇಳುತ್ತಿದ್ದಳು. ಅವನು ಏನೋ ಹೇಳುತ್ತಿದ್ದ. ಹಾಗೆ ಕೇಳುವ ಮೊದಲು ಅವಳು ಕೆಳಗೆ ಅತ್ತು ಬಂದಿರುತ್ತಿದ್ದಳು, ಅದೂ ಗಂಡನ ಕಷ್ಟಕ್ಕೆ, ಇನ್ನೊಬ್ಬನ ಎದುರು.

ಅವತ್ತಿನಿಂದ ಅವನಿಗೆ ಬೇರೆ ಕೆಲಸವೇ ಇಲ್ಲದ ಹಾಗಾಯಿತು. ಗಾಳಿಕಿಂಡಿಯ ಪಕ್ಕ ಕೂತು, ಕೆಳಗಿನ ಮಾತು ಯಾವಾಗ ನಿಲ್ಲುತ್ತದೆ, ಯಾವಾಗ ಶುರುವಾಗುತ್ತದೆ ಎಂದು ಕೇಳಿಸಿಕೊಳ್ಳುತ್ತಿದ್ದ. ನಾಡಕರ್ಣಿ ಊಟಕ್ಕೆ ಎದ್ದು ಹೋದರೆ ಅವನಿಗೆ ನಿರಾಳ, ವಾಪಸು ಬಂದರೆ ಹೊಟ್ಟೆಯಲ್ಲಿ ಉರಿ. ಸುಗಂಧಿ ಬಂಗಡೆ ಸಾರು ಬಡಿಸಿ ಕರೆದರೂ ಏಳುತ್ತಿರಲಿಲ್ಲ. ಸುಗಂಧಿಗೆ ಆ ದನಿ ಕೇಳಿದರೆ ಸಮಾಧಾನವಾಗುತ್ತಿತ್ತು. ಟೀವಿಯಲ್ಲಿ ಪ್ರಕಟಣೆ ಬಂದಾಗ ಅವಳು ಕೈಕೆಲಸ ಬಿಟ್ಟು ಬಂದು, ತಮ್ಮನ ಹೆಂಡತಿ ಊರಿಗೆ ಹೋಗಿ ಫೋನ್ ಮಾಡಿದ ಹಾಗೆ ಕೇಳುತ್ತಿದ್ದಳು.

"ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡ್ತಿದ್ದೀಯಲ್ಲ ವಾಮನಾ," ಎಂದಳು ಒಂದು ಮಧ್ಯಾಹ್ನ.

"ಯಂತ್ರದ ಮೇಲಲ್ಲ."

ಸುಗಂಧಿ ತಟ್ಟೆಯನ್ನು ಅವನ ಕುರ್ಚಿಯ ಪಕ್ಕಕ್ಕೇ ತಂದಿಟ್ಟಳು.

ಮರುದಿನ ವಾಮನ ಸಚಿವಾಲಯಕ್ಕೆ ದೂರು ಕೊಟ್ಟ. ಎಂಜಿನಿಯರ್ ಸ್ಥಾನಪಾಲದ ಜೊತೆ ಹರಟೆ ಹೊಡೆಯುತ್ತಾನೆ, ನಗುತ್ತಾನೆ, ಬೇರೆಯವರನ್ನು ನೇಮಿಸಬೇಕು ಎಂದ. ವಿಚಾರಣೆ ನಡೆಯಿತು. ಸ್ಥಾನಪಾಲ ಕೆಲಸ ಶುರುಮಾಡಿದ ಮೇಲೆ ಆ ಕೋಣೆಯ ಮಾತೆಲ್ಲ ದಾಖಲಾಗುತ್ತಿದ್ದುದರಿಂದ ಎಲ್ಲವನ್ನೂ ಕೇಳಿ ನೋಡಿದರು. ರಾಜ್ಯದ ಕೆಲಸ ಬಿಟ್ಟು ಒಂದು ಮಾತೂ ಇರಲಿಲ್ಲ. ಮೀನುಗಾರಿಕೆ ಸಚಿವರು ಕಳಿಸಿದ ಉದ್ದನೆಯ ಪ್ರಸ್ತಾವದ ಬಗ್ಗೆ ಸ್ಥಾನಪಾಲ ಹೇಳಿದ ಒಂದು ಮಾತಿಗೆ ನಾಡಕರ್ಣಿ ನಕ್ಕಿದ್ದ, ಅಷ್ಟೇ. ದೂರು ಕೊಟ್ಟವರು ಯಾರೆಂದು ಅವನಿಗೆ ಗೊತ್ತಾಗದೆ ಇರಲಿಲ್ಲ. ಆದರೂ ಮಾರನೇ ದಿನ ಮೆಟ್ಟಿಲ ಮೇಲೆ ಎದುರಾದಾಗ ಎಂದಿನಂತೆ ನಮಸ್ಕಾರ ಮಾಡಿದ. ವಾಮನನಿಗೆ ನಾಚಿಕೆಯಾಯಿತು, ನಾಚಿಕೆಯಾದಷ್ಟೂ ಆ ಮನುಷ್ಯನ ಮೇಲಿನ ಸಿಟ್ಟು ಹೆಚ್ಚಿತು.

ಅಷ್ಟರಲ್ಲಿ ದೇಶ ಸ್ಥಾನಪಾಲಕ್ಕೆ ಒಗ್ಗಿಹೋಗಿತ್ತು. ನಾಲ್ಕನೇ ಮತ್ತು ಏಳನೇ ದ್ವೀಪಗಳ ನಡುವೆ ಎಷ್ಟೋ ಕಾಲದಿಂದ ಇದ್ದ ನೀರಿನ ಜಗಳ ಅದು ಕೊಟ್ಟ ತೀರ್ಪಿನಿಂದ ತಣ್ಣಗಾಯಿತು. ಎರಡೂ ಕಡೆಯವರು ಗೊಣಗುತ್ತಲೇ ಒಪ್ಪಿದರು. ವಿನೋದಿನಿ ಬದುಕಿದ್ದರೂ ಹೀಗೇ ಮಾಡುತ್ತಿದ್ದರು ಎಂದು ಮೀನು ಮಾರ್ಕೆಟ್ಟಿನಲ್ಲಿ ಹೆಂಗಸರು ಮಾತಾಡಿಕೊಂಡರು. ಚುನಾವಣೆ ಯಾಕೆ ಬೇಕು, ಹೀಗೇ ಮುಂದುವರಿಯಲಿ ಎನ್ನುವವರೂ ಹುಟ್ಟಿಕೊಂಡರು.

ಪ್ರಧಾನಿ ಜಟ್ಟಪ್ಪ ಮೊಗೇರ ಒಂದು ದಿನ ತಾವೇ ವಾಮನನನ್ನು ನೋಡಲು ಬಂದರು. ಚಹಾ ಕುಡಿಯುತ್ತಾ ವಿಷಯ ಎತ್ತಿದರು. ಕಾನೂನಿನಲ್ಲಿ ಒಂದು ಕಲಮು ಇತ್ತು: ಸ್ಥಾನಪಾಲದ ಅವಧಿಯನ್ನು ಮುಂದುವರಿಸಬೇಕಾದರೆ ಸತ್ತವರ ಹತ್ತಿರದ ಬಂಧು ಒಪ್ಪಬೇಕು. ಆ ಮನಸ್ಸು ಕೊನೆಗೂ ಅವರ ಮನೆಯದು ಎಂದು ಕಾನೂನು ಬರೆದವರು ಮರ್ಯಾದೆಗೆ ಸೇರಿಸಿದ ಮಾತು. ಎರಡು ವರ್ಷ ಮುಂದುವರಿಸೋಣ ಎಂದರು ಮೊಗೇರ. ಪಕ್ಷಗಳ ಕಚ್ಚಾಟವಿಲ್ಲ, ಜನ ನೆಮ್ಮದಿಯಲ್ಲಿದ್ದಾರೆ. ಎದುರಿಗೆ ಗಟ್ಟಿ ಅಧ್ಯಕ್ಷರೊಬ್ಬರು ಬರದೆ ಇದ್ದರೆ ತಮಗೂ ಅನುಕೂಲ ಎಂಬುದನ್ನು ಅವರು ಹೇಳಲಿಲ್ಲ, ವಾಮನನಿಗೆ ಅರ್ಥವಾಯಿತು.

"ನೀವು ಒಪ್ಪಿದರೆ ಇನ್ನೊಂದು ತಿದ್ದುಪಡಿ ತರ್ತೇವೆ," ಎಂದರು. "ದಿನಾ ಸಂಜೆ ಒಂದು ಗಂಟೆ ನೀವು ಅವರ ಜೊತೆ ಕೂತು ಮಾತಾಡಬಹುದು. ಏನು ಬೇಕಾದರೂ."

ವಾಮನ ಲೋಟವನ್ನು ಕೆಳಗಿಟ್ಟ. ಮೊದಲು ಒಂದು ಸಲ ಮಾತಾಡಿ ನೋಡಬೇಕು ಎಂದ. ಮೊಗೇರ ಅಲ್ಲಿಂದಲೇ ಫೋನ್ ಮಾಡಿ ಒಪ್ಪಿಗೆ ಕೊಟ್ಟರು.

ಕೆಳಗಿನ ಕೋಣೆ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಒಂದು ಮೇಜು, ಎರಡು ಕುರ್ಚಿ, ಗೋಡೆಯಲ್ಲಿ ಪುಟ್ಟ ಕ್ಯಾಮೆರಾ, ಬಿಳಿಯ ಜಾಲರಿ. ಅದರ ಹಿಂದಿನಿಂದ ದನಿ ಬರುತ್ತಿತ್ತು. ಸ್ಥಾನಪಾಲ ಮಾತಾಡುವಾಗ ಎಂಜಿನಿಯರ್ ಇರಲೇಬೇಕೆಂಬ ನಿಯಮವಿದ್ದುದರಿಂದ ನಾಡಕರ್ಣಿ ಮೂಲೆಯಲ್ಲಿ ಕೂತಿದ್ದ. ಮೇಜಿನ ಮೇಲೆ ಒಪ್ಪಿಗೆಯ ಹಾಳೆ ಇತ್ತು.

"ಬನ್ನಿ ಡಾಕ್ಟರ್ ತಾಂಡೇಲ. ಕೂತುಕೊಳ್ಳಿ."

ವಾಮನ ನಿಂತಲ್ಲೇ ನಿಂತ. ಕಾಲೇಜಿನ ಬಸ್ಸಿನಲ್ಲಿ ಮೊದಲ ಸಲ ಮಾತಾಡಿಸಿದ ದಿನದಿಂದಲೂ ಅವಳು ಅವನಿಗೆ ನೀನು ಎಂದೇ ಹೇಳಿದವಳು. ಮದುವೆಯಾದ ಹೊಸದರಲ್ಲಿ ಅತ್ತೆ ಅದಕ್ಕೆ ಆಕ್ಷೇಪಿಸಿದಾಗಲೂ ಬದಲಾಯಿಸಿರಲಿಲ್ಲ. ದನಿ ಅವಳದೇ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆಯುವ ಅಭ್ಯಾಸವೂ ಹಾಗೇ ಇತ್ತು.

"ನಾನು ಯಾರು ಅಂತ ಗೊತ್ತಾ?" ಎಂದು ಕೇಳಿದ.

"ಅಧ್ಯಕ್ಷೆಯ ಪತಿ. ಅವಧಿ ಮುಂದುವರಿಸಲು ಒಪ್ಪಿಗೆ ಕೊಡಬೇಕಾದವರು. ಮೊದಲೇ ಹೇಳಿಬಿಡುತ್ತೇನೆ, ನಾನು ವಿನೋದಿನಿ ಅಲ್ಲ. ಅವರು ಹೇಗೆ ತೂಗಿ ನೋಡುತ್ತಿದ್ದರೋ ಹಾಗೆ ನೋಡುವುದು ನನ್ನ ಕೆಲಸ."

ಕೇಳಬೇಕೆಂದುಕೊಂಡಿದ್ದ ಎಲ್ಲವನ್ನೂ ಬಿಟ್ಟು ವಾಮನ ಒಂದೇ ಪ್ರಶ್ನೆ ಕೇಳಿದ. ಅವಳು ತನ್ನೆದುರು ಯಾಕೆ ಅಳಲಿಲ್ಲ?

ಜಾಲರಿಯ ಹಿಂದೆ ಸ್ವಲ್ಪ ಹೊತ್ತು ಮೌನ. ಕಷ್ಟದ ಮಾತಿಗೆ ಮೊದಲು ಅವಳೂ ಹೀಗೇ ಸುಮ್ಮನಾಗುತ್ತಿದ್ದಳು.

"ಅತ್ತಿದ್ದರೆ ನೀವು ರಾಜೀನಾಮೆ ಕೊಡು ಅನ್ನುತ್ತಿದ್ದಿರಿ. ನೀವು ಹೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರು. ಅದಕ್ಕೆ."

ವಾಮನ ಕುರ್ಚಿಯಲ್ಲಿ ಕೂತ. ತನ್ನ ಒಂದು ಮಾತಿಗೆ ಅವಳು ಅಧ್ಯಕ್ಷ ಸ್ಥಾನವನ್ನೇ ಬಿಡುತ್ತಿದ್ದಳು. ಅದನ್ನು ಅವಳು ಹೇಳಿರಲಿಲ್ಲ, ಈಗ ಇದು ಹೇಳಿತು. ಇನ್ನೂ ಎಷ್ಟು ಇರಬಹುದು ಇದರೊಳಗೆ? ದಿನಾ ಒಂದು ಗಂಟೆ, ಎರಡು ವರ್ಷ. ನೀವು ಎಂದರೂ ಆಗಬಹುದು, ನಿಧಾನಕ್ಕೆ ನೀನು ಎನ್ನಲು ಕಲಿಸಬಹುದು. ಅವನು ಹಾಳೆಯನ್ನು ಹತ್ತಿರಕ್ಕೆ ಎಳೆದು ಪೆನ್ನು ತೆಗೆದ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಅನಿ, ಫ್ಯಾನು ಸ್ವಲ್ಪ ಜೋರು ಮಾಡೋ," ಎಂದಿತು ದನಿ. "ಅವರಿಗೆ ಸೆಖೆ ಆಗ್ತಿದೆ."

ನಾಡಕರ್ಣಿ ಎದ್ದು ಹೋಗಿ ಫ್ಯಾನು ಜೋರು ಮಾಡಿದ. ಆ ಕರೆಯಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ. ದಿನವೂ ಕೇಳುತ್ತಿದ್ದ ಮಾತು ಅದು, ಅವಳು ಬದುಕಿದ್ದಾಗಲೂ.

ಅನಿ. ಮಾಡೋ. ಹೊಸದಾಗಿ ಮನೆ ಹೂಡಿದ ಕಾಲದಲ್ಲಿ ಅಡುಗೆಮನೆಯಿಂದ ಅವಳು ಹೀಗೇ ಕೂಗುತ್ತಿದ್ದಳು, ಬಾರೋ ವಾಮನಾ, ತಿನ್ನೋ ವಾಮನಾ. ಆಮೇಲೆ ಕೆಲಸ, ಸಭೆ, ಚುನಾವಣೆಗಳ ನಡುವೆ ಆ 'ಓ' ಯಾವಾಗಲೋ ಮಾತಿನಿಂದ ಉದುರಿಹೋಗಿತ್ತು. ಅದು ಎಲ್ಲಿಗೆ ಹೋಗಿತ್ತು ಎಂದು ವಾಮನನಿಗೆ ಈಗ ತಿಳಿಯಿತು. ತನಗೆ ಸಿಗುವುದು ಸಂಜೆಯ ಒಂದು ಗಂಟೆ, ಅದೂ ನೀವು ಎಂಬ ಮರ್ಯಾದೆಯಲ್ಲಿ. ಮಿಕ್ಕ ದಿನವೆಲ್ಲ ಈ ಮೂಲೆಯ ಮನುಷ್ಯನದು.

ಅವನು ಪೆನ್ನು ಮುಚ್ಚಿ ಜೇಬಿಗಿಟ್ಟ.

"ಆಗೋದಿಲ್ಲ," ಎಂದು ಹೇಳಿ ಎದ್ದು ಬಂದ.

ಮೊಗೇರ ಎರಡು ಸಲ ಬಂದು ಹೋದರು. ಒಂದು ಗಂಟೆಯನ್ನು ಎರಡು ಮಾಡುತ್ತೇವೆ ಎಂದರು. ವಾಮನ ಒಪ್ಪಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಹೇಳದೆ ಇದ್ದುದರಿಂದ ಜನ ತಾವೇ ಕಾರಣ ಹುಡುಕಿಕೊಂಡರು. ಸತ್ತ ಹೆಂಡತಿಯ ದನಿ ದಿನಾ ಕೇಳುವ ಅವಕಾಶವಿದ್ದರೂ ಸಂವಿಧಾನ ದೊಡ್ಡದು ಎಂದ ಮನುಷ್ಯ ಎಂದು ಪತ್ರಿಕೆಗಳು ಬರೆದವು. ದೇಶವನ್ನು ಆಳಬೇಕಾದವರು ಬದುಕಿರುವವರು ಎಂಬ ಮಾತನ್ನು ಅವನು ಆಡಿದನೆಂದು ಒಂದು ಪತ್ರಿಕೆ ಅಚ್ಚುಮಾಡಿತು. ಅವನು ಅದನ್ನು ಆಡಿರಲಿಲ್ಲ. ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಕರೆದು ಹಾರ ಹಾಕಿದರು. ವೇದಿಕೆಯ ಮೇಲೆ ಅವನು ತಲೆ ತಗ್ಗಿಸಿ ಕೂತಿದ್ದನ್ನು ಕಂಡು ಎಷ್ಟು ವಿನಯ ಎಂದುಕೊಂಡರು.

ಮನೆಗೆ ಬಂದು ಹಾರವನ್ನು ಸುಗಂಧಿಯ ಕೈಗೆ ಕೊಡುತ್ತಾ ಅವನು ನಡೆದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಹಾರದ ಹೂವು ಬಿಡಿಸಿ ದೇವರ ಮುಂದೆ ಇಟ್ಟಳು. ಕಾರಣ ಯಾವುದಾದರೂ ಆಗಲಿ, ಕೆಲಸ ಸರಿಯಾದದ್ದೇ ಆಯಿತು ಎಂದಳು. ವಾಮನನಿಗೆ ಅದರಿಂದ ಏನೂ ಸಮಾಧಾನವಾಗಲಿಲ್ಲ.

ಚುನಾವಣೆ ನಡೆದು, ಆರನೇ ದ್ವೀಪದ ನಿವೃತ್ತ ಹೆಡ್‌ಮಾಸ್ತರ ಇಗ್ನೇಷಿಯಸ್ ಫರ್ನಾಂಡಿಸ್ ಗೆದ್ದರು. ಅವರು ಪ್ರಮಾಣವಚನ ತೆಗೆದುಕೊಂಡ ಬೆಳಿಗ್ಗೆಯೇ ಸ್ಥಾನಪಾಲವನ್ನು ನಿಲ್ಲಿಸಬೇಕಿತ್ತು. ಹೊಸ ಅಧ್ಯಕ್ಷರು, ಎಂಜಿನಿಯರ್, ಸತ್ತವರ ಬಂಧು, ಮೂವರೂ ಎದುರಿಗಿರಬೇಕು. ಒಮ್ಮೆ ನಿಲ್ಲಿಸಿದ ಮೇಲೆ ಆ ಮನಸ್ಸಿನ ಅಚ್ಚು ಪೂರ್ತಿ ಅಳಿಸಿಹೋಗುತ್ತದೆ, ಯಾರೂ ಮತ್ತೆ ಎಬ್ಬಿಸುವಂತಿಲ್ಲ.

ಸ್ಥಾನಪಾಲ ಬಾಕಿ ಇದ್ದ ಕೆಲಸಗಳನ್ನು ಹೊಸ ಅಧ್ಯಕ್ಷರಿಗೆ ಒಂದೊಂದಾಗಿ ವಿವರಿಸಿತು. ಯಾವ ಕಟ್ಟೆ ಸೋರುತ್ತಿದೆ, ಯಾವ ಮಂತ್ರಿಯ ಮಾತನ್ನು ಎರಡು ಸಲ ವಿಚಾರಿಸಿ ನಂಬಬೇಕು ಎಂಬುದನ್ನೂ ಹೇಳಿತು. ಫರ್ನಾಂಡಿಸ್ ಶಾಲೆಯ ಹುಡುಗನ ಹಾಗೆ ತಲೆ ಆಡಿಸುತ್ತಾ ಕೇಳಿದರು. ಕೊನೆಗೆ ದನಿ, "ಸ್ಥಾನ ಈಗ ನಿಮ್ಮದು. ನನ್ನ ಕೆಲಸ ಮುಗಿಯಿತು," ಎಂದಿತು. ನಾಡಕರ್ಣಿ ಕೀಲಿ ತಿರುಗಿಸಬೇಕಿತ್ತು. ಅವನ ಕೈ ಮೇಲೇಳಲಿಲ್ಲ.

"ತಿರುಗಿಸೋ ಅನಿ," ಎಂದಿತು ಅದು.

ಅವನು ತಿರುಗಿಸಿದ.

ಈ ಕ್ಷಣಕ್ಕಾಗಿ ವಾಮನ ಎಷ್ಟೋ ದಿನದಿಂದ ಕಾದಿದ್ದ. ಆ ಮನುಷ್ಯನ ಕೈಯಿಂದ ಅವಳು ಹೋಗುವುದನ್ನು ಕಣ್ಣಾರೆ ನೋಡಬೇಕೆಂದುಕೊಂಡಿದ್ದ. ನಾಡಕರ್ಣಿ ಗೋಡೆಯ ಕಡೆ ಮುಖ ತಿರುಗಿಸಿ ಅಳುವುದನ್ನು ನೋಡಿದ. ಖುಷಿಯಾಗಲಿಲ್ಲ. ತಾನು ಇನ್ನೂ ಹೀಗೆ ಅತ್ತಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಫರ್ನಾಂಡಿಸ್ ಹೊರಟುಹೋದ ಮೇಲೆ ಇಬ್ಬರೇ ಕಾರಿಡಾರಿನಲ್ಲಿ ಉಳಿದರು. ನಾಡಕರ್ಣಿ ಮುಖ ತೊಳೆದುಕೊಂಡು ಬಂದು ಪಕ್ಕದಲ್ಲಿ ನಿಂತ. ಸಂವಿಧಾನಕ್ಕಾಗಿ ನೀವು ದೊಡ್ಡ ತ್ಯಾಗ ಮಾಡಿದಿರಿ ಎಂದು ಎಲ್ಲರಂತೆ ಅವನು ಹೇಳಲಿಲ್ಲ.

"ನನ್ನಿಂದಾಗಿ ಸಹಿ ಹಾಕಲಿಲ್ಲ ಅಲ್ವಾ ಡಾಕ್ಟ್ರೇ?"

"ಹೌದು, ನಿನ್ನಿಂದಾಗಿ," ಎಂದ ವಾಮನ. ಅವನಿಗೆ ನೀನು ಎಂದದ್ದು ಅದೇ ಮೊದಲು.

ನಾಡಕರ್ಣಿ ತಲೆಯಾಡಿಸಿದ. "ಸಹಿ ಹಾಕಿದ್ದರೂ ನನಗೆ ಸುಖ ಇರ್ತಿರಲಿಲ್ಲ. ನೀವು ಸಂಜೆ ಬಂದು ಕೂರೋ ಆ ಒಂದು ಗಂಟೆ ನಾನು ಹೇಗೆ ತಡಕೊಳ್ಳೋದು ಅಂತ ಯೋಚನೆ ಮಾಡ್ತಿದ್ದೆ."

ಆಮೇಲೆ ವಾಮನ, ಬೇಡವೆಂದುಕೊಂಡರೂ, ಕೇಳಿಯೇಬಿಟ್ಟ. ಅಷ್ಟು ಸಂಜೆ ಅವಳು ತನ್ನ ಬಗ್ಗೆ ಏನೇನು ಹೇಳಿದಳು? ಯಂತ್ರವಂತೂ ಹೋಯಿತು, ಈಗ ಅದೆಲ್ಲ ಇರುವುದು ನಿನ್ನ ತಲೆಯಲ್ಲಿ ಮಾತ್ರ ಎಂದ. ಕೇಳುವಾಗ ಅವನ ದನಿ ಬೇಡುವವರ ದನಿಯಾಗಿತ್ತು.

ಹೊರಗೆ ಹೇಳುವಂತಿಲ್ಲವೆಂದು ತಾನು ಪ್ರಮಾಣ ಮಾಡಿದ್ದೇನೆ ಎಂದ ನಾಡಕರ್ಣಿ. ನಂತರ ಅವನ ಕಣ್ಣು ತಪ್ಪಿಸಿ, "ಪ್ರಮಾಣ ಇಲ್ಲದಿದ್ರೂ ಹೇಳ್ತಿರಲಿಲ್ಲ. ನನ್ನ ಹತ್ತಿರ ಇರೋದು ಅಷ್ಟೇ," ಎಂದ.

ಹೊರಡುವ ಮುಂಚೆ ಅವನೂ ಒಂದು ಕೇಳಿದ. ಅವಳನ್ನು ತಾನು ಕಂಡದ್ದು ಯಾವಾಗಲೂ ಸಂಜೆ, ದಣಿದ ಮೇಲೆ. ಬೆಳಿಗ್ಗೆ ಎದ್ದ ತಕ್ಷಣ ಹೇಗಿರುತ್ತಿದ್ದಳು?

ವಾಮನನಿಗೆ ಎಲ್ಲವೂ ಕಣ್ಣ ಮುಂದೆ ಬಂತು. ಬಿಚ್ಚಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ, ಚಹಾ ಕುಡಿಯುವ ತನಕ ಯಾರ ಜೊತೆಗೂ ಮಾತಿಲ್ಲ, ಹಾಸಿಗೆಯ ತುದಿಯಲ್ಲಿ ಕೂತು ಕಾಲ ಬೆರಳಿಂದ ಚಪ್ಪಲಿ ಹುಡುಕುವುದು. ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ.

"ಅದು ನನ್ನದು," ಎಂದ.

ಮೇಲೆ ಸುಗಂಧಿ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಮಧ್ಯಾಹ್ನಕ್ಕೆ ಭವನ ಬಿಡಬೇಕಿತ್ತು. ಅವನ ಮುಖ ನೋಡಿ, ಎಲ್ಲ ಮುಗಿಯಿತಾ, ಈಗಾದರೂ ಮನಸ್ಸಿಗೆ ಹಗುರಾಯಿತಾ ಎಂದು ವಿಚಾರಿಸಿದಳು.

"ಅವನ ಹತ್ತಿರ ಇನ್ನೂ ಇದ್ದಾಳೆ ಅಕ್ಕಾ," ಎಂದ ವಾಮನ. ಕಿಂಡಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕೈಗಳಲ್ಲಿ ಮುಖ ಮುಚ್ಚಿಕೊಂಡ. ಅವಳು ಸತ್ತ ಮೇಲೆ ಮೊದಲ ಸಲ ಅವನ ಭುಜಗಳು ಅಲುಗಿದವು.

ಸುಗಂಧಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಬಂದು ಅವನ ಬೆನ್ನ ಮೇಲೆ ಕೈ ಇಟ್ಟಳು. ಅಳು ನಿಲ್ಲುವ ತನಕ ತೆಗೆಯಲಿಲ್ಲ.